ಮೋಟಾರ್ ಸೈಕಲ್ಲಿನ ಎಂಜಿನ್ ಆಯಿಲ್: ಚಿಂತೆ ಎಷ್ಟಿರಬೇಕು, ಯಾವುದಕ್ಕಿರಬೇಕು?

ಪ್ರತಿ ವರ್ಷ ಲೆಕ್ಕಪರಿಶೋಧನೆಯ ಸಮಯದಲ್ಲಿ ನಮ್ಮ ಭಾಗದ ವ್ಯಾಪಾರಿ ಸಂಸ್ಥೆಗಳ ಖಾತೆಗಳನ್ನು ತಿರುವಿ ಹಾಕುವಾಗ 'ವಾಹನ ದುರಸ್ತಿ ಮತ್ತು ನಿರ್ವಹಣೆ' ಎಂಬ ತಲೆಬರಹದ ಬಳಿ ನನ್ನ ಪೆನ್ನು ತಾನಾಗಿಯೇ ನಿಲ್ಲುತ್ತದೆ. ಲಾರಿ ಮತ್ತು ಟ್ರ್ಯಾಕ್ಟರುಗಳ ವೆಚ್ಚಕ್ಕೆ ಅಚ್ಚುಕಟ್ಟಾದ ಬಿಲ್ಲುಗಳಿರುತ್ತವೆ. ಮೋಟಾರ್ ಸೈಕಲ್ಲುಗಳ ವೆಚ್ಚಕ್ಕೆ ಮಾತ್ರ ಸಿಗರೇಟು ಪ್ಯಾಕಿನಿಂದ ಹರಿದಂತಹ ಚೀಟಿಗಳು: 'ಆಯಿಲ್ ಬದಲಿ ರೂ. 450', 'ಆಯಿಲ್ ಮತ್ತು ಕೆಲಸ ರೂ. 500'. ಅಂಗಡಿಯ ಹೆಸರಿಲ್ಲ, ದಿನಾಂಕ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮೊತ್ತ ಚಿಕ್ಕದೆಂದು ಲೆಕ್ಕಪರಿಶೋಧಕರಾದ ನಾವೂ ಅದನ್ನು ಮುಂದಕ್ಕೆ ಸರಿಸಿಬಿಡುತ್ತೇವೆ. ಈ ಚಿಕ್ಕ ಚೀಟಿಗಳ ಹಿಂದೆ ದೊಡ್ಡದೊಂದು ಗೊಂದಲವಿದೆ ಎಂಬುದು ನನಗೆ ಮನವರಿಕೆಯಾದದ್ದು ಆಳಂದದ ಒಂದು ಪ್ರಕರಣದಿಂದ.

ಬೀಜ, ಗೊಬ್ಬರ ಮತ್ತು ಕೀಟನಾಶಕಗಳ ವ್ಯಾಪಾರ ಮಾಡುವ ಆ ಮಳಿಗೆಯಲ್ಲಿ ಉದ್ರಿ ವಸೂಲಿಗೆಂದು ಮೂರು ಮೋಟಾರ್ ಸೈಕಲ್ಲುಗಳಿವೆ. ಅವುಗಳಲ್ಲಿ ಎರಡು ವರ್ಷವೂ ತುಂಬದ ಒಂದು ಗಾಡಿ ವಾಗ್ದರಿ ರಸ್ತೆಯಲ್ಲಿ ಎಂಜಿನ್ ಜಾಮ್ ಆಗಿ ನಿಂತಿತು. ಬಿಚ್ಚಿ ನೋಡಿದಾಗ ಪಿಸ್ಟನ್ ಮತ್ತು ಸಿಲಿಂಡರ್ ಎರಡೂ ಗೀರು ಬಿದ್ದಿದ್ದವು. ದುರಸ್ತಿಗೆ ರೂ. 9,000 ದಾಟಿತು. ಸರ್ವಿಸಿನ ದಾಖಲೆ ಇಲ್ಲದ ಕಾರಣ ವಾರಂಟಿ ಅನ್ವಯಿಸದು ಎಂದು ಮಾರಾಟಗಾರರು ತಿಳಿಸಿದರು. ಮಾಲೀಕರದು ಒಂದೇ ಮಾತು: ನಕಲಿ ಆಯಿಲ್ ಹಾಕಿದ್ದಾರೆ, ಅದಕ್ಕೇ ಹೀಗಾಯಿತು. ಚೀಟಿಗಳನ್ನು ಒಟ್ಟುಗೂಡಿಸಿ ನೋಡಿದೆ. ವರ್ಷದಲ್ಲಿ 18,000 ಕಿ.ಮೀ. ಓಟ, ಹನ್ನೆರಡು ಸಲ ಆಯಿಲ್ ಬದಲಿ. ಅಂದರೆ ಪ್ರತಿ 1,500 ಕಿ.ಮೀ.ಗೆ ಒಂದು ಸಲ, ಕಂಪನಿಯ ಕೈಪಿಡಿ ಹೇಳುವುದಕ್ಕಿಂತ ಬಹಳ ಮೊದಲೇ. ಇಷ್ಟು ಕಾಳಜಿ ವಹಿಸಿದ ಎಂಜಿನ್ ಸೀಜ್ ಆದದ್ದು ಹೇಗೆ?

ಕಾರಣ ಕೆಳಗಡೆ ಇತ್ತು. ಆಯಿಲ್ ಇಳಿಸುವ ಡ್ರೈನ್ ಬೋಲ್ಟನ್ನು ಮೇಲಿಂದ ಮೇಲೆ ಬಿಚ್ಚಿ, ಪ್ರತಿ ಸಲವೂ ಬಲ ಹಾಕಿ ಬಿಗಿದು, ಅಲ್ಯೂಮಿನಿಯಂ ಕವಚದ ಮರೆಗಳೇ ಸವೆದು ಹೋಗಿದ್ದವು. ಯಾರೋ ಅದಕ್ಕೆ ದಾರ ಸುತ್ತಿ ಮತ್ತೆ ಬಿಗಿದಿದ್ದರು. ಅಲ್ಲಿಂದ ದಿನವೂ ನಾಲ್ಕಾರು ಹನಿ ಆಯಿಲ್ ರಸ್ತೆಯ ಪಾಲಾಗುತ್ತಿತ್ತು. ಅಳತೆ ಕಡ್ಡಿಯನ್ನು ಕೊನೆಯ ಸಲ ಯಾವಾಗ ನೋಡಿದೆ ಎಂದು ವಸೂಲಿಯ ಹುಡುಗನನ್ನು ಕೇಳಿದರೆ, ಅವನು ಗಾಡಿಯ ಸುತ್ತ ಒಮ್ಮೆ ನೋಡಿ, "ಯಾವ ಕಡ್ಡಿ ರೀ ಸಾಹೇಬ್ರ?" ಎಂದ. ಆಯಿಲ್ ಅಸಲಿಯೋ ನಕಲಿಯೋ ಎಂಬುದನ್ನು ಇಂದಿಗೂ ಹೇಳಲಾಗದು, ಏಕೆಂದರೆ ಬಿಲ್ಲಿಲ್ಲ, ಡಬ್ಬಿಯಿಲ್ಲ. ಆದರೆ ಎಂಜಿನ್ನಿನಲ್ಲಿ ಆಯಿಲ್ಲೇ ಇರಲಿಲ್ಲ ಎಂಬುದು ಮಾತ್ರ ನಿಸ್ಸಂದೇಹ. ಅತಿಯಾದ ಚಿಂತೆಯೇ ಆ ಬೋಲ್ಟನ್ನು ಸವೆಸಿತ್ತು, ಮಾಡಬೇಕಾದ ತಪಾಸಣೆಯನ್ನು ಯಾರೂ ಮಾಡಿರಲಿಲ್ಲ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ವಿಷಯ ಕೇವಲ ಗಾಡಿಯ ಮೋಜಿನದಲ್ಲ. ಆಳಂದ, ಅಫಜಲಪುರ ಮತ್ತು ಜೇವರ್ಗಿಯ ವ್ಯಾಪಾರ ನಿಂತಿರುವುದೇ ಎರಡು ಗಾಲಿಗಳ ಮೇಲೆ. ತೊಗರಿಯ ಸ್ಯಾಂಪಲ್ ಹಿಡಿದು ಹಳ್ಳಿಯಿಂದ ಅಡತಿಗೆ ಬರುವ ರೈತ, ಕಿರಾಣಿ ಸರಕಿನ ಆರ್ಡರ್ ಹಿಡಿಯುವ ಮಾರಾಟ ಪ್ರತಿನಿಧಿ, ಹಾಲಿನ ಕ್ಯಾನು ಕಟ್ಟಿಕೊಂಡು ಹೊರಡುವವ, ಭೂಸನೂರು ಮತ್ತು ಹಾವಳಗಾ ಸಕ್ಕರೆ ಕಾರ್ಖಾನೆಗಳಿಗಾಗಿ ಕಬ್ಬಿನ ಹೊಲ ಸುತ್ತುವ ಸಿಬ್ಬಂದಿ, ವಿಮಾ ಏಜೆಂಟ್, ಕಿರುಸಾಲದ ಕಂತು ವಸೂಲಿ ಮಾಡುವವ, ಹೀಗೆ ಎಲ್ಲರ ದುಡಿಮೆಯ ಬಂಡವಾಳವೂ ಒಂದು ನೂರು ಸಿಸಿ ಗಾಡಿಯೇ. ಅದೂ ಬಹುಮಟ್ಟಿಗೆ ಸಾಲದ ಗಾಡಿ. ಎಂಜಿನ್ ಬಿಚ್ಚಿದ ಒಂದು ವಾರ ಸಂಪಾದನೆ ಇಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ.

ಗೊಂದಲದ ಮೂಲ ಸ್ವಲ್ಪ ಹಿಂದಿದೆ. ನಮ್ಮ ತಲೆಮಾರಿನವರು ಗಾಡಿ ಕಲಿತದ್ದು ರಾಜದೂತ್, ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿ, ಯಮಹಾ ಆರ್‌ಎಕ್ಸ್ 100, ಬಜಾಜ್ ಚೇತಕ್ ಇವುಗಳ ಮೇಲೆ. ಇವೆಲ್ಲ ಟು-ಸ್ಟ್ರೋಕ್ ಎಂಜಿನ್‌ಗಳು. ಅವುಗಳಲ್ಲಿ ಆಯಿಲ್ ಪೆಟ್ರೋಲಿನೊಡನೆ ಒಳಹೋಗಿ ಉರಿದು ಹೊಗೆಯಾಗಿ ಹೊರಬರುತ್ತಿತ್ತು. ಹೊಗೆ ಬಂದರೆ ಆಯಿಲ್ ಹೋಗುತ್ತಿದೆ, ಎಂಜಿನ್ ಕ್ಷೇಮ ಎಂಬ ಸಮಾಧಾನವಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100, 1994ರಲ್ಲಿ ಸ್ಪ್ಲೆಂಡರ್ ಬಂದ ಮೇಲೆ ಫೋರ್-ಸ್ಟ್ರೋಕ್ ಗಾಡಿ ಮನೆಮಾತಾಯಿತು. ಇದರಲ್ಲಿ ಆಯಿಲ್ ಉರಿಯಬಾರದು. ಸುಮಾರು ಒಂದು ಲೀಟರ್ ಆಯಿಲ್ ಎಂಜಿನ್ನಿನೊಳಗೇ ಸುತ್ತುತ್ತ ಪಿಸ್ಟನ್, ಗೇರ್ ಮತ್ತು ಕ್ಲಚ್ ಮೂರನ್ನೂ ಕಾಯಬೇಕು. ಹಿಂದೆ ಆರೋಗ್ಯದ ಗುರುತಾಗಿದ್ದ ನೀಲಿ ಹೊಗೆ ಈಗ ರೋಗದ ಗುರುತು. ಪೆಟ್ರೋಲ್ ತುಂಬಿಸಿ, ಮುಚ್ಚಳ ಮುಚ್ಚಿ, ಮರೆತುಬಿಡಿ ಎಂಬರ್ಥದ ಆ ಕಾಲದ ಪ್ರಸಿದ್ಧ ಜಾಹೀರಾತು ಪೆಟ್ರೋಲಿನ ಉಳಿತಾಯದ ಬಗೆಗೆ ಆಡಿದ ಮಾತಾಗಿತ್ತು. ನಮ್ಮ ಜನ ಆಯಿಲ್ಲನ್ನೂ ಅದರ ಜೊತೆಗೆ ಮರೆತರು.

ಹಾಗಾದರೆ ಯಾವುದಕ್ಕೆ ಚಿಂತಿಸಬೇಕು, ಯಾವುದಕ್ಕೆ ಚಿಂತಿಸಬೇಕಾಗಿಲ್ಲ?

ಆಯಿಲ್ ಕಪ್ಪಾಗುವುದು ದೋಷವಲ್ಲ. "ಆಯಿಲ್ ಕರ್ರಗ ಆಗ್ಯಾದ್ರಿ, ಹಿಂಗೇ ಬಿಟ್ರ ಇಂಜಿನ್ ಹೋಗ್ತದ" ಎಂಬ ಮಾತಿಗೆ ಹೆದರಿ ಹಣ ತೆತ್ತವರು ನಮ್ಮಲ್ಲಿ ಅಸಂಖ್ಯಾತ. ಒಳ್ಳೆಯ ಆಯಿಲ್ಲಿನಲ್ಲಿ ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ಳುವ ರಾಸಾಯನಿಕಗಳಿರುತ್ತವೆ. ಅವು ಕೆಲಸ ಮಾಡಿದರೆ ಆಯಿಲ್ ಕಪ್ಪಾಗಲೇಬೇಕು. ಸಾವಿರಾರು ಕಿ.ಮೀ. ಓಡಿದರೂ ಜೇನಿನ ಬಣ್ಣದಲ್ಲೇ ಇದ್ದರೆ ಅದೇ ಸಂಶಯದ ವಿಷಯ. ಹೊಸ ಗಾಡಿಯ ಮೊದಲ ಸರ್ವಿಸಿನಲ್ಲಿ ಇಳಿಸಿದ ಆಯಿಲ್ ಸ್ವಲ್ಪ ಮಿನುಗಿದರೂ ಗಾಬರಿ ಬೇಡ, ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಹೊರಡುವ ಲೋಹದ ಪುಡಿ ಅದು. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ಬಿಳಿಯ ಆವಿಯೂ ನೀರಾವಿಯೇ. ಆದರೆ ಗಾಡಿ ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ, ಓಡಿ ಹಳತಾದ ಗಾಡಿಯಿಂದ ಇಳಿಸಿದ ಆಯಿಲ್ಲಿನಲ್ಲಿ ಲೋಹದ ಚೂರು ಕೈಗೆ ಸಿಕ್ಕರೆ, ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅಥವಾ ಅದರಿಂದ ಪೆಟ್ರೋಲಿನ ವಾಸನೆ ಹೊಡೆಯುತ್ತಿದ್ದರೆ ತಡಮಾಡದೆ ತೋರಿಸತಕ್ಕದ್ದು.

ಮಜ್ಜಿಗೆಯ ಬಣ್ಣ ಎಂದೆ. ಇದು ಅಫಜಲಪುರ ಮತ್ತು ಜೇವರ್ಗಿಯ ನದಿ ತೀರದವರಿಗೆ ಪರಿಚಿತವಾಗಬೇಕಾದ ಲಕ್ಷಣ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿ ಹರಿದು ತೀರದ ಗ್ರಾಮಗಳಿಗೆ ನುಗ್ಗಿದಳು. ಮನೆ ಮುಂದೆ ನಿಂತ ಗಾಡಿ ಪ್ರವಾಹದಲ್ಲಿ ಮುಳುಗಿದರೆ ಎಂಜಿನ್ನಿಗೂ ನೀರು ಸೇರುವ ಸಂಭವ ಹೆಚ್ಚು. ನೀರಿಳಿದ ಕೂಡಲೇ ಗಾಡಿ ಚಾಲೂ ಆಗುತ್ತದೆಯೋ ಎಂದು ಕಿಕ್ ಹೊಡೆಯುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಹಾಕಿ, ಆಯಿಲ್ ಪೂರ್ತಿ ಇಳಿಸಿ, ಹೊಸದು ಹಾಕಿ, ಸ್ವಲ್ಪ ಹೊತ್ತು ಓಡಿಸಿ ಅದನ್ನೂ ಇಳಿಸಿ ಮತ್ತೊಮ್ಮೆ ತುಂಬಿಸಬೇಕು. ಎರಡು ಲೀಟರ್ ಆಯಿಲ್ಲಿನ ಖರ್ಚು ಎಂಜಿನ್ನಿನ ಖರ್ಚಿಗಿಂತ ಕಡಿಮೆ.

ಎಷ್ಟು ಕಿ.ಮೀ.ಗೆ ಬದಲಿಸಬೇಕು ಎಂಬ ಪ್ರಶ್ನೆಗೆ ನಾನು ನನ್ನ ವೃತ್ತಿಯ ರೀತಿಯಲ್ಲೇ ಉತ್ತರ ಕೊಡುತ್ತೇನೆ. ತಿಂಗಳಿಗೆ ಸಾವಿರ ಕಿ.ಮೀ.ನಂತೆ ವರ್ಷಕ್ಕೆ 12,000 ಕಿ.ಮೀ. ಓಡುವ ಗಾಡಿ ಎಂದುಕೊಳ್ಳೋಣ. ಲೀಟರಿಗೆ 55 ಕಿ.ಮೀ. ಮತ್ತು ಪೆಟ್ರೋಲ್ ಬೆಲೆ ರೂ. 103 ಎಂದು ಹಿಡಿದರೆ ಪೆಟ್ರೋಲಿಗೇ ರೂ. 22,500ರಷ್ಟು ಬೇಕು. ಆಯಿಲ್ ಲೀಟರಿಗೆ ರೂ. 400 ಎಂದಾದರೆ ಪ್ರತಿ 6,000 ಕಿ.ಮೀ.ಗೆ ಬದಲಿಸುವವನಿಗೆ ವರ್ಷಕ್ಕೆ ರೂ. 800, 3,000ಕ್ಕೆ ಬದಲಿಸುವವನಿಗೆ ರೂ. 1,600, 1,500ಕ್ಕೆ ಬದಲಿಸುವವನಿಗೆ ರೂ. 3,200. ಈಗಿನ ಹಲವು ಸಣ್ಣ ಗಾಡಿಗಳ ಕೈಪಿಡಿಗಳು 5,000ದಿಂದ 6,000 ಕಿ.ಮೀ.ವರೆಗೆ ಅವಕಾಶ ಕೊಡುತ್ತವೆ, ಮಧ್ಯದಲ್ಲಿ ಅಳತೆ ನೋಡಿ ತುಂಬಿಸಬೇಕೆಂಬ ಷರತ್ತಿನೊಡನೆ. ಆದರೆ ಕೈಪಿಡಿ ಬರೆದವರು ನಮ್ಮ ಎರೆ ಮಣ್ಣಿನ ಧೂಳು, ಬೇಸಿಗೆಯ ನಲವತ್ತು ದಾಟುವ ಬಿಸಿಲು, ಹಿಂದೆ ಎರಡು ಚೀಲ ಗೊಬ್ಬರ ಹೇರಿಕೊಂಡು ಎರಡನೇ ಗೇರಿನಲ್ಲಿ ಹೊಲದ ದಾರಿ ಹಿಡಿಯುವ ಸವಾರಿಯನ್ನು ಸಾಮಾನ್ಯ ಬಳಕೆ ಎಂದು ಎಣಿಸಿರಲಾರರು. ಆದ್ದರಿಂದ ನಮ್ಮ ಭಾಗದಲ್ಲಿ 3,000 ಕಿ.ಮೀ. ವಿವೇಕಯುತ ಮಿತಿ ಎಂಬುದು ನನ್ನ ಅಭಿಪ್ರಾಯ. ಓಟ ಕಡಿಮೆ ಇದ್ದವರು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಅದಕ್ಕಿಂತ ಮೊದಲು ಬದಲಿಸುವುದರಿಂದ ಲಾಭವಾಗುವುದು ಆಯಿಲ್ ಮಾರುವವರಿಗೆ ಮಾತ್ರ. ಮಾರುವವರಲ್ಲಿ ನಮ್ಮ ಸದಸ್ಯರೂ ಇದ್ದಾರೆ, ಅವರು ನನ್ನ ಮಾತನ್ನು ಅನ್ಯಥಾ ಭಾವಿಸಬಾರದು.

ಧೂಳಿನ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ಆಯಿಲ್ಲಿಗೆ ಸಾವಿರಾರು ರೂಪಾಯಿ ಸುರಿಯುವವರು ಏರ್ ಫಿಲ್ಟರನ್ನು ವರ್ಷಗಟ್ಟಲೆ ನೋಡುವುದಿಲ್ಲ. ಕಬ್ಬಿನ ಗಾಡಿಗಳು ಓಡಾಡುವ ಕಾಲದಲ್ಲಿ ನಮ್ಮ ರಸ್ತೆಗಳ ಧೂಳು ಹರಿದ ಫಿಲ್ಟರಿನ ಮೂಲಕ ಒಳಗೆ ಹೊಕ್ಕು ರಿಂಗುಗಳನ್ನು ಉಪ್ಪು ಕಾಗದದಂತೆ ತಿಕ್ಕುತ್ತದೆ. ಹಾಗೆ ಸವೆದ ಎಂಜಿನ್ನಿಗೆ ಎಂತಹ ಆಯಿಲ್ ಹಾಕಿದರೂ ಅದು ಕುಡಿಯುತ್ತಲೇ ಇರುತ್ತದೆ.

ಯಾವ ಆಯಿಲ್ ಎಂಬುದು ಮೂರನೆಯ ಪ್ರಶ್ನೆ. ಡಬ್ಬಿಯ ಮೇಲಿನ ಸಂಖ್ಯೆ, ಉದಾಹರಣೆಗೆ 10ಡಬ್ಲ್ಯೂ-30 ಅಥವಾ 20ಡಬ್ಲ್ಯೂ-40, ಆಯಿಲ್ಲಿನ ದಪ್ಪವನ್ನು ಸೂಚಿಸುತ್ತದೆ. ಮೊದಲ ಅಂಕಿ ತಣ್ಣಗಿರುವಾಗಿನದು, ಎರಡನೆಯದು ಬಿಸಿಯಾದಾಗಿನದು. ನಮ್ಮಲ್ಲಿ ಬಿಸಿಲು ಹೆಚ್ಚೆಂದು ಎಲ್ಲ ಗಾಡಿಗಳಿಗೂ ದಪ್ಪ ಆಯಿಲ್ ಸುರಿಯುವ ರೂಢಿಯಿದೆ. ಹೊಸ ಎಂಜಿನ್‌ಗಳ ಒಳಗಿನ ಸಂದುಗಳು ಕಿರಿದು, ಅವಕ್ಕೆ ಕೈಪಿಡಿ ಹೇಳಿದ್ದನ್ನೇ ಹಾಕುವುದು ಲೇಸು. ಹದಿನೈದು ವರ್ಷ ದುಡಿದ ಹಳೆಯ ಗಾಡಿಗೆ ತುಸು ದಪ್ಪನೆಯದನ್ನು ಹಾಕಿರಿ ಎಂದು ಅನುಭವಿ ಮೆಕ್ಯಾನಿಕ್ ಹೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕಲಾರೆ. ಇದಕ್ಕಿಂತ ಮುಖ್ಯವಾದದ್ದು ಜಪಾನಿನ ಜಾಸೊ ಮಾನದಂಡದ ಗುರುತು. ಮೋಟಾರ್ ಸೈಕಲ್ಲಿನ ಕ್ಲಚ್ ಆಯಿಲ್ಲಿನಲ್ಲೇ ಮುಳುಗಿರುವುದರಿಂದ ಡಬ್ಬಿಯ ಮೇಲೆ ಎಂಎ ಅಥವಾ ಎಂಎ-2 ಎಂದಿರಬೇಕು. ಎಂಬಿ ಎಂದಿದ್ದರೆ ಅದು ಗೇರಿಲ್ಲದ ಸ್ಕೂಟರಿನದು. ಪೆಟ್ರೋಲ್ ಉಳಿಸುವ ಕಾರಿನ ಆಯಿಲ್ ಸುರಿದರೆ ಕ್ಲಚ್ ಜಾರತೊಡಗಿ, ಎಂಜಿನ್ ಕೂಗಿದರೂ ಗಾಡಿ ಮುಂದೆ ಹೋಗದ ಸ್ಥಿತಿ ಬರಬಹುದು.

ಹಳ್ಳಿಗಳಲ್ಲಿ ಟ್ರ್ಯಾಕ್ಟರಿಗೆಂದು ತಂದಿಟ್ಟ ಡೀಸೆಲ್ ಎಂಜಿನ್ನಿನ ಆಯಿಲ್ಲನ್ನೇ ಮೋಟಾರ್ ಸೈಕಲ್ಲಿಗೂ ಹಾಕುವುದುಂಟು. ಒಂದು ಸಲ ಹಾಕಿದ ಮಾತ್ರಕ್ಕೆ ಎಂಜಿನ್ ಕೆಟ್ಟುಹೋಗದು. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದನ್ನಾದರೂ ಹಾಕಿಕೊಂಡು ಊರು ತಲುಪುವುದು ಮೇಲು. ಆದರೆ ಅದೇ ರೂಢಿಯಾಗಬಾರದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಗಾಡಿಗಳ ಸೈಲೆನ್ಸರಿನಲ್ಲಿ ಹೊಗೆ ಶುದ್ಧಿ ಮಾಡುವ ದುಬಾರಿ ಭಾಗವಿದೆ, ತಪ್ಪು ಆಯಿಲ್ ಉರಿದರೆ ಅದೂ ಹಾಳಾಗುತ್ತದೆ.

ಇನ್ನು ಅಳತೆ ಕಡ್ಡಿ. ಇದಕ್ಕೆ ಒಂದು ಪೈಸೆಯೂ ಬೇಡ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಕೆಲ ನಿಮಿಷ ಎಂಜಿನ್ ಓಡಿಸಿ, ಬಂದ್ ಮಾಡಿ, ಆಯಿಲ್ ಕೆಳಗಿಳಿಯಲು ತುಸು ಹೊತ್ತು ಬಿಟ್ಟು, ಕಡ್ಡಿ ತೆಗೆದು ಒರೆಸಿ ಮತ್ತೆ ಇಟ್ಟು ನೋಡುವುದು. ಬಹುಪಾಲು ಸಣ್ಣ ಗಾಡಿಗಳಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿಯದೆ ಸುಮ್ಮನೆ ಇಟ್ಟು ನೋಡಬೇಕು. ಎರಡು ಗೆರೆಗಳ ಮಧ್ಯೆ ಇದ್ದರೆ ನಿಶ್ಚಿಂತೆ. ಕೆಲವು ಗಾಡಿಗಳಲ್ಲಿ ಕಡ್ಡಿಯ ಬದಲು ಪಕ್ಕದಲ್ಲೊಂದು ಗಾಜಿನ ಕಿಂಡಿ ಇರುತ್ತದೆ. ಕಡಿಮೆಯಾದರೆ ಅದೇ ದರ್ಜೆಯ ಆಯಿಲ್ ಸೇರಿಸಬೇಕು. ಮೇಲಿನ ಗೆರೆ ಮೀರಿ ತುಂಬಿಸಿದರೂ ನೊರೆಯೆದ್ದು ಏರ್ ಫಿಲ್ಟರಿನ ಕಡೆಗೆ ಉಕ್ಕುತ್ತದೆ.

ನಕಲಿ ಆಯಿಲ್ಲಿನ ಭಯ ನಿರಾಧಾರವಲ್ಲ. ಇಳಿಸಿದ ಹಳೆಯ ಆಯಿಲ್ಲನ್ನು ಸೋಸಿ, ಬಣ್ಣ ತಿಳಿಗೊಳಿಸಿ, ಹೆಸರಾಂತ ಕಂಪನಿಯ ಖಾಲಿ ಡಬ್ಬಿಗೆ ತುಂಬಿ ಮಾರುವ ದಂಧೆ ದೇಶದ ಹಲವೆಡೆ ನಡೆಯುತ್ತದೆ. ಬೀಪಾಯಿಯಿಂದ ಬಿಡಿಯಾಗಿ ಅಳೆದು ಕೊಡುವ ಆಯಿಲ್ಲಿನ ಮೂಲವನ್ನು ಯಾರೂ ಹೇಳಲಾರರು. ಖರೀದಿಸುವವರು ಡಬ್ಬಿಯ ಮುಚ್ಚಳದ ಸೀಲ್, ತಯಾರಕರ ವಿಳಾಸ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ನಿವ್ವಳ ಪ್ರಮಾಣ ಇವನ್ನು ನೋಡಬೇಕು. ಪೊಟ್ಟಣ ಸರಕುಗಳ ಬಗೆಗಿನ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಇವು ಕಡ್ಡಾಯ. ಖಾಲಿಯಾದ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ಕತ್ತರಿಸಿಬಿಡಿರಿ. ಕತ್ತರಿಸಿದ ಡಬ್ಬಿಗೆ ಬೆಲೆಯಿಲ್ಲ, ಇಡಿಯ ಡಬ್ಬಿಗೆ ಗುಜರಿಯಲ್ಲಿ ಗಿರಾಕಿ ಇದ್ದಾನೆ.

ಮುಖ್ಯವಾಗಿ ಬಿಲ್ ಪಡೆಯಿರಿ. ಸಿಬ್ಬಂದಿಯ ಓಡಾಟದ ಮೋಟಾರ್ ಸೈಕಲ್ಲಿನ ಸರ್ವಿಸಿಂಗ್ ಮೇಲೆ ಜಿಎಸ್‌ಟಿ ಇನ್‌ಪುಟ್ ಜಮೆ ಸಿಗುವುದಿಲ್ಲ, ಆದ್ದರಿಂದ ಬಿಲ್ಲೇಕೆ ಎಂದು ವಾದಿಸುವ ಮುನೀಮರನ್ನು ನಾನು ಬಲ್ಲೆ. ಆಯಿಲ್ ಮೇಲಿನ ಶೇ. 18ರ ತೆರಿಗೆ ಉಳಿಸಲು ಹೋಗಿ ಅವರು ಕಳೆದುಕೊಳ್ಳುವುದು ವಾರಂಟಿಯ ಹಕ್ಕನ್ನು ಮತ್ತು ದೂರಿನ ಹಕ್ಕನ್ನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಗಾಡಿ ಇಟ್ಟುಕೊಂಡವನನ್ನು ಆ ಕಾಯ್ದೆ ಗ್ರಾಹಕನೆಂದೇ ಪರಿಗಣಿಸುತ್ತದೆ. ಆದರೆ ಹರಿದ ಚೀಟಿಯ ಮೇಲೆ ಯಾವ ಆಯೋಗ ತಾನೇ ಏನು ಮಾಡೀತು? ಅಸಲಿ ಮಾಲು ಮಾರುವ ನಮ್ಮ ಸದಸ್ಯ ವ್ಯಾಪಾರಿಗಳಿಗೂ ಬಿಲ್ಲೇ ರಕ್ಷಣೆ, ಇನ್ನೊಬ್ಬನ ನಕಲಿಯ ಅಪವಾದ ಅವರ ತಲೆಗೆ ಬರುವುದು ತಪ್ಪುತ್ತದೆ.

ಆಳಂದದ ಆ ಮಳಿಗೆಯಲ್ಲಿ ಈಗ ಪ್ರತಿ ಸೋಮವಾರ ಗಾಡಿ ಹೊರಡುವ ಮುಂಚೆ ಕಡ್ಡಿ ನೋಡಿ ವಸೂಲಿ ವಹಿಯ ಅಂಚಿನಲ್ಲಿ ಗುರುತು ಹಾಕುತ್ತಾರೆ. ಆಯಿಲ್ ಬದಲಿ ಹನ್ನೆರಡರಿಂದ ಆರಕ್ಕೆ ಇಳಿದಿದೆ, ಆರಕ್ಕೂ ಬಿಲ್ ಇದೆ.

ಒಂದು ಕೆಲಸ ಉಳಿದಿದೆ, ಅದು ಒಬ್ಬೊಬ್ಬರಿಂದ ಆಗುವಂಥದ್ದಲ್ಲ. ಇಳಿಸಿದ ಹಳೆಯ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಅದನ್ನು ಮರಳಿ ಸಂಸ್ಕರಣೆಗೆ ತರುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಲಾಗಿದೆ. ಆದರೆ ಸಣ್ಣ ಊರುಗಳ ಗ್ಯಾರೇಜುಗಳಲ್ಲಿ ಇಂದಿಗೂ ಆ ಆಯಿಲ್ ಚರಂಡಿಗೆ ಸೇರುತ್ತದೆ, ಇಲ್ಲವೇ ಕೇಳಿದವರಿಗೆ ಮಾರಾಟವಾಗುತ್ತದೆ. ಹಾಗೆ ಕೊಂಡವರಲ್ಲಿ ಅದನ್ನು ಸೋಸಿ ಮತ್ತೆ ಡಬ್ಬಿಗೆ ತುಂಬುವವರೂ ಇರಬಹುದು. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಆಯಿಲ್ ವ್ಯಾಪಾರಿಗಳು, ಗ್ಯಾರೇಜಿನವರು ಮತ್ತು ಕಂಪನಿಗಳ ವಿತರಕರನ್ನು ಒಂದೆಡೆ ಕೂಡಿಸಿ, ಪರವಾನಗಿ ಪಡೆದ ಸಂಸ್ಕರಣಾಗಾರರು ತಿಂಗಳಿಗೊಮ್ಮೆ ಬಂದು ಹಳೆಯ ಆಯಿಲ್ ಒಯ್ಯುವ ವ್ಯವಸ್ಥೆಯನ್ನು ನಮ್ಮ ಸಂಸ್ಥೆ ಮಾಡಿಸಬಹುದೇ ಎಂಬುದನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.